ಗೌಸಬಿ ಅಳೆದ ಉತ್ತರಿ ಮಳೆ

ಬೆಳಿಗ್ಗೆ ಎಂಟೂವರೆಗೆ ಗೌಸಬಿ ಬಂಗಲೆಯ ಕಂಪೌಂಡಿನಲ್ಲಿ ಇರುತ್ತಾಳೆ. ಆಲಮೇಲದಿಂದ ನಾಲ್ಕು ಕಿಲೋಮೀಟರ್ ದೂರದ ಊರು ಅದು. ಊರ ಹೊರಗಿನ ಹಳೆಯ ಸರ್ಕಾರಿ ಬಂಗಲೆಯಲ್ಲಿ ಈಗ ಯಾವ ಸಾಹೇಬರೂ ಇಳಿದುಕೊಳ್ಳುವುದಿಲ್ಲ. ಗೇಟಿನ ಕೀಲಿ ಅವಳ ಸೆರಗಿನ ಗಂಟಿನಲ್ಲಿದೆ. ಒಳಗೆ ಹೋಗಿ, ಅಂಗಳ ಗುಡಿಸಿ, ತಂತಿಬೇಲಿಯ ನಡುವೆ ಸಿಮೆಂಟ್ ಕಟ್ಟೆಯ ಮೇಲೆ ನಿಂತ ಮಳೆಮಾಪಕದ ಹತ್ತಿರ ಕೂರುತ್ತಾಳೆ. ಮೇಲಿನ ಹಿತ್ತಾಳೆ ಬಳೆಯ ಲಾಳಿಕೆ ತೆಗೆದರೆ ಒಳಗೊಂದು ಬಾಟಲಿ. ಅದರಲ್ಲಿ ಕೂಡಿದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಎಷ್ಟು ಮಿಲಿಮೀಟರ್ ಎಂದು ಓದುತ್ತಾಳೆ. ಮಳೆ ಇಲ್ಲದ ದಿನವೂ ಲಾಳಿಕೆ ತೆಗೆಯುತ್ತಾಳೆ, ಖಾಲಿ ಬಾಟಲಿ ನೋಡುತ್ತಾಳೆ, ಪುಸ್ತಕದಲ್ಲಿ ಸೊನ್ನೆ, ಚುಕ್ಕಿ, ಸೊನ್ನೆ ಎಂದು ಬರೆಯುತ್ತಾಳೆ. ಈ ಕಡೆ ವರ್ಷದ ಮುಕ್ಕಾಲು ಪಾಲು ದಿನಗಳಲ್ಲಿ ಬರೆಯುವುದು ಅದನ್ನೇ.

ಅವಳ ತವರು ಇಂಡಿ ತಾಲೂಕಿನ ಹಲಸಂಗಿ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಮದುವೆಯಾಗಿ ಬಂದಾಗ ಗಂಡ ಯಾಕೂಬಸಾಬ ಇದೇ ಬಂಗಲೆಯ ಕಾವಲುಗಾರ. ಮಳೆ ಅಳೆಯುವುದು ಅವನ ಕೆಲಸದಲ್ಲಿ ಸೇರಿತ್ತು, ಆದರೆ ಅವನು ಅದನ್ನು ಕೆಲಸದಂತೆ ಮಾಡುತ್ತಿರಲಿಲ್ಲ. ಫಜರಿನ ನಮಾಜು ಹೇಗೋ ಇದೂ ಹಾಗೆ, ಹೊತ್ತು ಮೀರಬಾರದು. ಮಗಳು ಅಫ್ರೀನ ಹುಟ್ಟಿದ ದಿನದ ಗದ್ದಲದಲ್ಲೂ ಅವನು ಎಂಟೂವರೆಗೆ ಎದ್ದು ಹೋಗಿ ಏಳು ಚುಕ್ಕಿ ಎರಡು ಎಂದು ಬರೆದು ಬಂದಿದ್ದ. ಆ ಅಂಕಿ ಗೌಸಬಿಗೆ ಇವತ್ತಿಗೂ ನೆನಪಿದೆ.

ಅವನ ಕಣ್ಣಿಗೆ ಪೊರೆ ಬಂದಾಗ ಅವಳಿಗೆ ಅಳತೆ ಓದುವುದನ್ನು ಕಲಿಸಿದ.

"ನೀರಿನ ನಡುವ ತಗ್ಗ ಐತೆಲ್ಲ, ಅದನ್ನ ಓದಬೇಕು. ಅಂಚಿಗೆ ಏರಿದ್ದಲ್ಲ."

"ತಗ್ಗ ಎಲ್ಲಿ ಐತ್ರಿ, ನನಗೆಲ್ಲಾ ಒಂದ ಸಮ ಕಾಣಸ್ತೈತಿ."

"ಉಸರ ಹಿಡದ ನೋಡು. ಕೈ ಅಲಗಾಡಸಬ್ಯಾಡ. ಚುಕ್ಕಿ ಆದ ಮ್ಯಾಲಿನ ಅಂಕಿ ಬರದಿ ಅಂದ್ರ ನೀ ಇಲ್ಲಿ ಬಂದು ನಿಂತು ನೋಡೀದಿ ಅಂತ. ಬರೀಲಿಲ್ಲಂದ್ರ ಮನ್ಯಾಗ ಕುಂತು ಬರದೀದಿ ಅಂತ. ತಿಳೀತಿಲ್ಲೊ?"

ತಿಳಿಯಿತು. ಅಲ್ಲಿಂದ ಐದಾರು ವರ್ಷ ಅವಳೇ ಓದಿದಳು, ಅವನು ಪಕ್ಕದಲ್ಲಿ ಕುಳಿತು ಕೇಳಿದ. ಪುಸ್ತಕದಲ್ಲಿ ಹೆಸರು ಅವನದೇ ಇತ್ತು.

ಐದು ವರ್ಷದ ಹಿಂದೆ ಹೊಸ ಸರ್ಕಾರ ಬಂದಾಗ ಹವಾಮಾನ ಬದಲಾವಣೆಯ ಮಾತು ಊರ ಕಟ್ಟೆಯವರೆಗೂ ಬಂತು. ಮಳೆಯ ನಡತೆ ಕೆಟ್ಟಿದೆ, ಬಂದರೆ ಒಮ್ಮೆಲೇ ಬರುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಬರುವುದೇ ಇಲ್ಲ, ಇದಕ್ಕೆ ಸರ್ಕಾರ ಒಂದು ಯೋಜನೆ ಮಾಡಿದೆ ಎಂದರು. ಬಂಗಲೆಯ ಅಂಗಳದಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ, ಅದರ ತುದಿಗೆ ಮಳೆ ಹಿಡಿಯುವ ಬಟ್ಟಲು, ನಡುವೆ ಸೂರ್ಯನ ಕಡೆ ಮುಖ ಮಾಡಿದ ಕಪ್ಪು ತಗಡು ಕೂರಿಸಿದರು. ಜೋರು ಮಳೆ ಬರುವ ಮೊದಲೇ ಎಲ್ಲರ ಮೊಬೈಲಿಗೆ ಸುದ್ದಿ ಬರುತ್ತದೆ ಎಂದರು. ಇನ್ನು ಮುಂದೆ ಅಂಕಿ ಕಳಿಸುವುದು ಬೇಡ, ಯಂತ್ರ ತಾನೇ ಕಳಿಸುತ್ತದೆ ಎಂದು ಯಾಕೂಬಸಾಬನಿಗೆ ಹೇಳಿ ಹೋದರು. ಕಳಿಸುವುದು ಬೇಡ ಎಂದರು. ಅಳೆಯುವುದು ಬೇಡ ಎಂದು ಯಾರೂ ಹೇಳಲಿಲ್ಲ. ಗಂಡ ಹೆಂಡತಿ ಅಳೆಯುತ್ತಲೇ ಇದ್ದರು.

ಯಂತ್ರ ಹನ್ನೊಂದು ತಿಂಗಳು ನಡೆಯಿತು. ಆಮೇಲೆ ಅದರ ಕೆಂಪು ದೀಪ ಆರಿತು. ಯಾಕೂಬಸಾಬ ಎರಡು ಸಲ ಸಿಂದಗಿಯ ಕಚೇರಿಗೆ ಹೋಗಿ ಹೇಳಿ ಬಂದ. ಬಂದು ನೋಡುತ್ತೇವೆ ಎಂದರು. ಮೂರನೆಯ ಸಲ ಹೋಗುವ ಮೊದಲೇ, ಆ ಜುಲೈ ತಿಂಗಳಲ್ಲಿ, ಯಾಕೂಬಸಾಬ ತೀರಿಕೊಂಡ.

ಗಂಡ ಸತ್ತ ಹೆಂಗಸು ಇದ್ದತ್ತಿಗೆ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟುವಂತಿಲ್ಲ. ಗೌಸಬಿಗೆ ಅದು ಕಷ್ಟವೆನಿಸಲಿಲ್ಲ, ಹೊರಗೆ ಹೋಗುವ ಮನಸ್ಸೂ ಇರಲಿಲ್ಲ. ಅಫ್ರೀನ ನಲವತ್ತು ದಿನ ಇದ್ದು ಮುದ್ದೇಬಿಹಾಳದ ಗಂಡನ ಮನೆಗೆ ತಿರುಗಿ ಹೋದಳು. ಅವಳಿಗೂ ಎಳೆಗೂಸು. ಆದರೆ ಮೊದಲ ದಿನದಿಂದಲೇ ಒಂದು ಚಿಂತೆ ಗೌಸಬಿಯನ್ನು ಕೊರೆಯುತ್ತಿತ್ತು. ಇಪ್ಪತ್ತೆಂಟು ವರ್ಷ ಆ ಮನುಷ್ಯ ಪುಸ್ತಕದ ಒಂದು ಸಾಲನ್ನೂ ಖಾಲಿ ಬಿಟ್ಟಿರಲಿಲ್ಲ. ಈಗ ಅವನು ಹೋದ ತಿಂಗಳಿನಿಂದಲೇ ಪುಸ್ತಕ ಖಾಲಿ ಬೀಳಬೇಕೆ?

ಮೈದುನ ದಿಲಾವರ ಟಂಟಂ ಓಡಿಸುವವನು. ಅವನಿಗೆ ಹೇಳಿದಳು. ಅವನು ಆರು ದಿನ ಬಾಗಿಲ ಹೊರಗೆ ನಿಂತು ಅಂಕಿ ಹೇಳಿದ. ಆರನೆಯ ದಿನ ಅಂಕಿ ಬರೆದುಕೊಂಡು ಗೌಸಬಿ ಕೇಳಿದಳು:

"ದಿಲಾವರ, ಬಾಟ್ಲಿ ಹಿಂದ ಇರೂವಿ ಗೂಡ ಐತಿ, ನೋಡಿದ್ಯಾ?"

ದಿಲಾವರ ತಲೆ ತುರಿಸಿಕೊಂಡ. "ಭಾಬಿ, ಖರೇ ಹೇಳ್ಲ್ಯಾ? ಹೋಟೆಲ್ ಮುಂದ ಒಂದ ಗುಂಡಿ ಐತಿ. ಅದು ತುಂಬಿದ್ರ ಹತ್ತ ಅಂತೇನಿ, ಅರ್ಧ ಇದ್ರ ಐದ ಅಂತೇನಿ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ ಅವಳಿಗೆ. ಅವತ್ತೇ ಹಿಟ್ಟಿನ ಡಬ್ಬಿಯನ್ನು ಖಾಲಿ ಮಾಡಿದಳು. ಅಡಿ ಎತ್ತರದ ಅಲ್ಯುಮಿನಿಯಂ ಡಬ್ಬಿ, ಬಾಯಿ ಬುಡ ಒಂದೇ ಅಗಲ. ತೊಳೆದು ಒರೆಸಿ ಮಣ್ಣಿನ ಮಾಳಿಗೆಯ ಮೇಲೆ ನಡುಮಧ್ಯೆ, ಸುತ್ತ ನಾಲ್ಕು ಕಲ್ಲು ಒತ್ತುಕೊಟ್ಟು ಇಟ್ಟಳು. ಮಾಳಿಗೆ ಮನೆಯದೇ, ಅಲ್ಲಿಗೆ ಹೋದರೆ ಇದ್ದತ್ತು ಮುರಿಯುವುದಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ಏಣಿ ಹತ್ತಿ, ಅಫ್ರೀನಳ ಸಾಲಿಯ ಅಡಿಪಟ್ಟಿಯನ್ನು ನೀರಿನೊಳಗೆ ನೆಟ್ಟಗೆ ನಿಲ್ಲಿಸಿ ಓದಿದಳು. ಒಂಬತ್ತು. ಚುಕ್ಕಿಯಾದ ಮೇಲಿನ ಅಂಕಿ ಅಡಿಪಟ್ಟಿಯಲ್ಲಿ ಸಿಗುವುದಿಲ್ಲ. ಒಂಬತ್ತು ಎಂದೇ ಬರೆದಳು. ಪುಸ್ತಕದ ಕೊನೆಯಲ್ಲಿ ಷರಾ ಎಂಬ ಕಲಂ ಇದೆ. ಹೇಗೆ ಅಳೆದದ್ದು, ಏನು ವಿಶೇಷ ಎಂಬುದನ್ನು ಅಲ್ಲಿ ಬರೆಯಬೇಕು. ಡಬ್ಬಿಯಲ್ಲಿ ಅಳೆದೆ ಎಂದು ಬರೆಯಲು ಪೆನ್ನು ಎತ್ತಿದಳು. ಯಾಕೂಬಸಾಬನ ಹೆಸರಿನ ಪುಸ್ತಕದಲ್ಲಿ ಹಿಟ್ಟಿನ ಡಬ್ಬಿ ಎಂದು ಬರೆಯಲು ನಾಚಿಕೆಯಾಯಿತು. ಬಿಟ್ಟಳು.

ಆ ದಿನಗಳಲ್ಲಿ ಹಿತ್ತಲ ಬಾಗಿಲಿಂದ ದಿನಾ ಬರುತ್ತಿದ್ದವಳು ಹೊನ್ನವ್ವ ಒಬ್ಬಳೇ. ಹಳ್ಳದ ದಂಡೆಯ ಮಣ್ಣಿನ ಮನೆಯವಳು. ಮಗ ಸಿದ್ಧರಾಮನದು ಊರ ನಡುವೆ ಹಿಟ್ಟಿನ ಗಿರಣಿ, ಹೊಸ ಮನೆ ಅದರ ಹಿಂದೆಯೇ. ಮುದುಕಿ ಮಾತ್ರ ಹಳೆಯ ಮನೆ ಬಿಟ್ಟು ಕದಲಿರಲಿಲ್ಲ. ಹಣೆತುಂಬ ವಿಭೂತಿ, ಉಡಿತುಂಬ ಪುಂಡಿಪಲ್ಯ. ಬಂದವಳೇ ಮಾಳಿಗೆಯ ಕಡೆ ಕತ್ತು ಎತ್ತುತ್ತಿದ್ದಳು.

"ಏನಬೇ ಗೌಸಿ, ಇವತ್ತೆಷ್ಟ ಬಂತ ನಿನ್ನ ಮಳಿ?"

"ಹನ್ನೊಂದು."

"ಹನ್ನೊಂದಂದ್ರ ಹಳ್ಳಕ್ಕ ನೀರ ಬರ್ತೈತೋ ಬರಂಗಿಲ್ಲೋ? ಅದನ್ನ ಹೇಳು ಮೊದಲ."

"ಅದು ನನಗ ಗೊತ್ತಿಲ್ಲಬೇ. ಬಿದ್ದದ್ದಷ್ಟ ಗೊತ್ತು."

"ಹಂಗಾರ ನೀನೂ ಸರಕಾರದಂಗ ಆದಿ. ಆದ ಮ್ಯಾಲ ಹೇಳಾಕಿ," ಎಂದು ಹೊನ್ನವ್ವ ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿದ್ದಳು. ಗಂಡ ಸತ್ತ ಮನೆಯಲ್ಲಿ ಆಗ ಕೇಳುತ್ತಿದ್ದ ನಗು ಅದೊಂದೇ.

ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಹಿಡಿಯಿತು. ಒಂದು ಸಂಜೆ ಶುರುವಾದದ್ದು ಬೆಳಗಿನ ತನಕ ಬಿಡಲಿಲ್ಲ. ಯಾರ ಮೊಬೈಲಿಗೂ ಯಾವ ಸುದ್ದಿಯೂ ಬಂದಿರಲಿಲ್ಲ. ಗೌಸಬಿ ಎಂಟೂವರೆಗೆ ಮಾಳಿಗೆ ಹತ್ತಿದಾಗ ಊರೆಲ್ಲ ಹಳ್ಳದ ಕಡೆ ಓಡುತ್ತಿತ್ತು. ಡಬ್ಬಿಯಲ್ಲಿ ನೀರು ಅರ್ಧ ದಾಟಿತ್ತು. ಅಡಿಪಟ್ಟಿ ಇಳಿಸಿದಳು. ನೂರಾ ಅರವತ್ತೆಂಟು. ನಂಬಿಕೆಯಾಗದೆ ಇನ್ನೊಂದು ಸಲ ಇಳಿಸಿದಳು. ಅಷ್ಟರಲ್ಲಿ ಕೆಳಗಿನ ಓಣಿಯಲ್ಲಿ ಯಾರೋ ಅಂದರು, ಹೊನ್ನವ್ವನ ಮನೆಯ ಗೋಡೆ ಬಿದ್ದಿದೆ, ಮುದುಕಿ ಅದರ ಕೆಳಗೇ ಇದ್ದಾಳೆ ಎಂದು.

ಹೋಗಿ ಮುಖ ನೋಡಿ ಬರುವಂತಿರಲಿಲ್ಲ. ಮಧ್ಯಾಹ್ನ ಹೊನ್ನವ್ವನನ್ನು ಕುಳ್ಳಿರಿಸಿಕೊಂಡು ಭಜನೆಯೊಂದಿಗೆ ಅದೇ ಓಣಿಯಲ್ಲಿ ಒಯ್ದರು. ಗೌಸಬಿ ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಪರದೆಯ ಕೆಳಗಿಂದ ಕೆಸರು ಮೆತ್ತಿದ ಕಾಲುಗಳಷ್ಟೇ ಕಂಡವು. ತಾಳ ದೂರಾಗುವವರೆಗೆ ನಿಂತಿದ್ದು, ಒಳಗೆ ಬಂದು, ಬೆಳಿಗ್ಗೆ ಬರೆಯದೆ ಬಿಟ್ಟಿದ್ದ ಅಂಕಿಯನ್ನು ಪುಸ್ತಕದಲ್ಲಿ ಬರೆದಳು.

ಸರ್ಕಾರದ ಕಾಗದದಲ್ಲಿ ಅವತ್ತಿನ ಮಳೆ ನಲವತ್ತೊಂದು. ಯಂತ್ರ ಸತ್ತಿತ್ತಲ್ಲ, ಸುತ್ತಲಿನ ಮೂರು ಕಡೆಯ ಸರಾಸರಿ ತೆಗೆದು ತುಂಬಿದ್ದರು. ನಲವತ್ತೊಂದು ಅತಿವೃಷ್ಟಿ ಅಲ್ಲ. ಹಾಗಾಗಿ ಆ ಊರಿನಲ್ಲಿ ಅತಿವೃಷ್ಟಿ ಆಗಲೇ ಇಲ್ಲ. ಹಳೆಯ ಗೋಡೆ ತಾನಾಗಿ ಬಿತ್ತು, ಮುದುಕಿ ಸತ್ತಳು, ಅಷ್ಟೇ ಎಂದು ಬರೆದುಕೊಂಡರು. ಸಿದ್ಧರಾಮ ಪರಿಹಾರದ ಅರ್ಜಿ ಹಿಡಿದುಕೊಂಡು ಎರಡು ವರ್ಷ ಅಡ್ಡಾಡಿ ಸುಮ್ಮನಾದ.

ನವೆಂಬರಿನಲ್ಲಿ ಇದ್ದತ್ತು ಮುಗಿದು ಗೌಸಬಿ ಮತ್ತೆ ಬಂಗಲೆಗೆ ಹೋದಾಗ ಮಾಪಕದ ಬಾಟಲಿ ತುಂಬಿ ಚೆಲ್ಲಿ, ಅದರಲ್ಲಿ ಹುಳ ತೇಲುತ್ತಿದ್ದವು. ತೊಳೆದಳು. ಮರುದಿನದಿಂದ ಚುಕ್ಕಿಯ ಮೇಲಿನ ಅಂಕಿ ಪುಸ್ತಕಕ್ಕೆ ತಿರುಗಿ ಬಂತು. ಯಂತ್ರದ ಬಟ್ಟಲಿನಲ್ಲಿ ಗೊರವಂಕ ಗೂಡು ಕಟ್ಟಿತ್ತು.

ಹೀಗೆ ವರ್ಷಗಳು ಕಳೆದವು. ಸರ್ಕಾರದ ಅವಧಿ ಮುಗಿಯುತ್ತ ಬಂತು. ಎಲೆಕ್ಷನ್ನಿಗೆ ಮೊದಲು ಮನೆಮನೆಗೂ ಬಣ್ಣದ ಪುಸ್ತಿಕೆ ಬಂತು. ಹೋಬಳಿ ಹೋಬಳಿಗೂ ಹವಾಮಾನ ಕೇಂದ್ರ, ಬಿಸಿಲಿನ ಹೊಡೆತಕ್ಕೆ ತಾಲೂಕಿಗೊಂದು ನೆರಳಿನ ಮನೆ, ರಸ್ತೆಗುಂಟ ಲಕ್ಷ ಸಸಿ. ಗೌಸಬಿ ಪುಟ ತಿರುವಿ, ಅದರಲ್ಲಿ ಅಚ್ಚಾದ ಕಂಬದ ಚಿತ್ರ ನೋಡಿ, ಗೊರವಂಕ ಕಾಣುತ್ತದೆಯೇ ಎಂದು ಹುಡುಕಿದಳು. ಕಾಣಲಿಲ್ಲ.

ಅದಾದ ವಾರದಲ್ಲಿ ವಿದ್ಯಾವತಿ ಬಂದಳು. ಬಸವನ ಬಾಗೇವಾಡಿಯವಳು, ನಿವೃತ್ತ ವಿಜ್ಞಾನ ಶಿಕ್ಷಕಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕೆಲವರು ಸೇರಿ ಒಂದು ವೇದಿಕೆ ಮಾಡಿಕೊಂಡಿದ್ದರು. ಹೋಗುತ್ತಿರುವ ಸರ್ಕಾರ ಹವಾಮಾನದ ವಿಷಯದಲ್ಲಿ ಹೇಳಿದ್ದೇನು, ಮಾಡಿದ್ದೇನು ಎಂಬ ವರದಿ ಬರೆಯುತ್ತಿದ್ದರು. ಬಸ್ಸಿನಲ್ಲಿ ಊರೂರು ತಿರುಗಿ ವಿದ್ಯಾವತಿ ಒಣಗಿದ ಸಸಿ ಎಣಿಸಿದ್ದಳು, ಬೀಗ ಜಡಿದ ನೆರಳಿನ ಮನೆಗಳ ಚಿತ್ರ ತೆಗೆದಿದ್ದಳು, ಸತ್ತ ಯಂತ್ರಗಳನ್ನು ಪಟ್ಟಿ ಮಾಡಿದ್ದಳು.

"ಯಂತ್ರ ಸತ್ತಾವು ಅಂದ್ರ, ಸರಾಸರಿ ತಗದೇವಲ್ಲ ಅಂತಾರ್ರಿ," ಎಂದಳು ಅವಳು, ಚಾಪೆಯ ಮೇಲೆ ಕುಳಿತು. "ಸರಾಸರಿ ಸುಳ್ಳು ಅಂತ ತೋರಸಾಕ ಖರೇ ಅಳತಿ ಬೇಕು. ಇಡೀ ಸುತ್ತಿನ್ಯಾಗ ಯಾರೂ ಅಳದಿಲ್ಲ. ನೀವೊಬ್ರ ಅಂತ ಆಲಮೇಲದಾಗ ಯಾರೋ ಹೇಳಿದ್ರು."

ಇಷ್ಟು ವರ್ಷದಲ್ಲಿ ಆ ಪುಸ್ತಕಗಳನ್ನು ಯಾರೂ ಕೇಳಿರಲಿಲ್ಲ. ಗೌಸಬಿ ಟ್ರಂಕಿನಿಂದ ಒಂದೊಂದಾಗಿ ತೆಗೆದು ಮುಂದಿಟ್ಟಳು. ವಿದ್ಯಾವತಿ ಕೈ ತೊಳೆದುಕೊಂಡು ಬಂದು ಪುಟ ತೆರೆದಳು. ಉತ್ತರಿ ಮಳೆಯ ಪುಟಕ್ಕೆ ಬಂದಾಗ ವಿದ್ಯಾವತಿ ಅಂಕಿಯ ಕೆಳಗೆ ಬೆರಳಿಟ್ಟು ಎರಡು ಸಲ ಓದಿದಳು.

"ನೂರಾ ಅರವತ್ತೆಂಟು. ಅವರು ನಲವತ್ತೊಂದು ಅಂದಾರ. ಈ ಒಂದ ಪುಟ ಸಾಕ್ರಿ ಬೀಬಿ. ಆ ಅಜ್ಜಿ ಮಳಿಗೆ ಸತ್ತಳು ಅಂತ ಕಾಗದದ ಮ್ಯಾಲ ಬರ್ತೈತಿ."

ಗೌಸಬಿ ಚಹಾ ಮಾಡುತ್ತೇನೆಂದು ಎದ್ದು ಹೋದಳು. ಒಲೆಯ ಪಕ್ಕದಲ್ಲೇ ಹಿಟ್ಟಿನ ಡಬ್ಬಿ ಇತ್ತು.

ಹತ್ತು ದಿನ ಬಿಟ್ಟು ಸಿಂದಗಿಗೆ ಬರಬೇಕೆಂದು ಫೋನು ಬಂತು. ಒಂದು ಹೇಳಿಕೆಗೆ ಸಹಿ ಹಾಕಬೇಕು, ಮರುದಿನ ಪತ್ರಿಕೆಯವರ ಮುಂದೆ ವರದಿ. ದಿಲಾವರನಿಗೆ ಸುದ್ದಿ ತಿಳಿದು ಟಂಟಂ ನಿಲ್ಲಿಸಿ ಒಳಗೆ ಬಂದ. ಅವನು ಆಳುವ ಪಕ್ಷದ ಬಾವುಟ ಕಟ್ಟಿಕೊಂಡು ತಿರುಗುವವನು.

"ಭಾಬಿ, ಸರಕಾರ ಹೊಂಟ ನಿಂತೈತಿ. ಹೋಗೋರ ಬೆನ್ನಿಗೆ ಯಾಕ ಕಲ್ಲ ಒಗೀತಿ?"

"ಬಂದಾಗ ಹೇಳಲಿಲ್ಲ. ಇದ್ದಾಗ ಹೇಳಾಕ ಹೋದ್ರ ನಿಮ್ಮಣ್ಣನ್ನ ಎರಡ ಸಲ ತಿರುಗಿ ಕಳಿಸಿದ್ರು. ಇನ್ನ ಯಾವಾಗ ಹೇಳ್ಲಿ, ಹೇಳು?"

"ಮುಂದ ಬರೋರರ ಏನ ಮಾಡ್ತಾರ? ಅವರೂ ಕಂಬ ನೆಡ್ತಾರ."

"ನೆಡ್ಲಿ. ಗೊರವಂಕಕ್ಕ ಇನ್ನೊಂದ ಮನಿ ಆಗ್ತೈತಿ."

ದಿಲಾವರ ನಕ್ಕು ಹೋದ. ಆದರೆ ಸಿಂದಗಿಯ ಬಸ್ಸು ಹತ್ತುವಾಗ ಸಿದ್ಧರಾಮ ಗಿರಣಿ ಬಿಟ್ಟು ಬಂದಿದ್ದ, ಹುಬ್ಬಿನ ಮೇಲೆಲ್ಲ ಹಿಟ್ಟು. ಕಿಟಕಿಯ ಸರಳು ಹಿಡಿದು ನಿಂತು, "ಚಾಚಿ, ನಮ್ಮವ್ವನ ಮಳಿ ಬರಸಿ ಬರ್ರಿ," ಎಂದ. ಬಸ್ಸು ಹೊರಟಿತು. ಮಡಿಲಲ್ಲಿ ಪುಸ್ತಕ ಹಿಡಿದು ಕುಳಿತ ಅವಳಿಗೆ ಸಿಂದಗಿ ಬರುವವರೆಗೆ ಆ ಒಂದು ಮಾತೇ ಕಿವಿಯಲ್ಲಿತ್ತು.

ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲಿನ ಕೋಣೆ. ವಿದ್ಯಾವತಿ ಇದ್ದಳು. ಇಂಡಿಯ ವಕೀಲ ಅನಿಲಕುಮಾರ ಇದ್ದ, ಮೂವತ್ತೈದರ ಆಸುಪಾಸಿನವನು, ಕಣ್ಣಲ್ಲಿ ಎರಡು ದಿನದ ನಿದ್ದೆಗೇಡು. ವರದಿಯೆಲ್ಲ ಅಚ್ಚಿಗೆ ಸಿದ್ಧವಾಗಿ ಮೇಜಿನ ಮೇಲಿತ್ತು. ಅವನು ಗೌಸಬಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಹೇಳಿಕೆಯನ್ನು ಓದಿದ.

"ನಾನು ಪ್ರತಿದಿನ ಬೆಳಿಗ್ಗೆ ಎಂಟೂವರೆ ಗಂಟೆಗೆ ಮಳೆಮಾಪಕದ ನೀರನ್ನು ಗಾಜಿನ ಪಾತ್ರೆಯಲ್ಲಿ ಅಳೆದು ಈ ಪುಸ್ತಕದಲ್ಲಿ ಬರೆದಿರುತ್ತೇನೆ." ಹಾಳೆಯನ್ನು ಅವಳ ಮುಂದೆ ಸರಿಸಿದ. "ಸಹಿ ಇಲ್ಲಿ ಮಾಡ್ರಿ ಚಾಚಿ."

ಗೌಸಬಿ ಪೆನ್ನು ಹಿಡಿದಳು. ಹೊನ್ನವ್ವ ನೆನಪಾದಳು, ಪರದೆಯ ಕೆಳಗಿನ ಕೆಸರುಗಾಲುಗಳು ನೆನಪಾದವು. ಒಂದು ಸಹಿ. ಅದರಲ್ಲಿ ಬರೆದ ಸಂಖ್ಯೆ ಸುಳ್ಳಲ್ಲ, ಬಿದ್ದ ಮಳೆ ಸುಳ್ಳಲ್ಲ, ಸತ್ತವಳೂ ಸುಳ್ಳಲ್ಲ. ಆದರೆ ಗಾಜಿನ ಪಾತ್ರೆ ಸುಳ್ಳು. ಬಿಸ್ಮಿಲ್ಲಾ ಎಂದು ಶುರುಮಾಡದೆ ಅವಳು ಎಂದೂ ಪೆನ್ನು ಕಾಗದಕ್ಕೆ ಮುಟ್ಟಿಸಿದವಳಲ್ಲ. ಈಗ ಆ ಮಾತು ನಾಲಿಗೆಗೆ ಬರಲಿಲ್ಲ.

"ಪ್ರತಿದಿನ ಅನ್ನೂದನ್ನ ತಗೀರಿ ವಕೀಲರ."

"ಒಂದೆರಡ ದಿನ ಎಲ್ಲಾರೂ ತಪ್ಪಸ್ತಾರ ಚಾಚಿ. ಏನೂ ಆಗಂಗಿಲ್ಲ."

"ಒಂದೆರಡಲ್ರಿ. ನಾಲ್ಕ ತಿಂಗಳ ಹತ್ತ ದಿನ. ನಾ ಇದ್ದತ್ತಿನ್ಯಾಗ ಇದ್ದೆ. ಬಂಗ್ಲೇಕ ಹೋಗೇ ಇಲ್ಲ. ಮಾಳಿಗಿ ಮ್ಯಾಲ ಹಿಟ್ಟಿನ ಡಬ್ಬಿ ಇಟ್ಟು, ಅಡಿಪಟ್ಟಿಲೆ ಅಳದೇನಿ. ಉತ್ತರಿ ಮಳಿ ಆ ಡಬ್ಬ್ಯಾಗಿಂದು."

ತಲೆಯ ಮೇಲಿನ ಫ್ಯಾನು ಕಟಕಟ ಎನ್ನುತ್ತಿತ್ತು. ಅನಿಲಕುಮಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಡಬ್ಬಿ ನೆಟ್ಟಗಿತ್ತೇನ್ರಿ? ಬಾಯಿ, ಬುಡ ಒಂದ ಸಮ?" ಎಂದು ವಿದ್ಯಾವತಿ ಕೇಳಿದಳು.

"ಒಂದ ಸಮ ಇತ್ರಿ."

"ಹಂಗಾರ ಅಳತಿ ತಪ್ಪಲ್ಲ ಅನಿಲ. ನೆಟ್ಟನ ಡಬ್ಬಿ ಯಾವುದಾದ್ರೂ ಮಳಿ ಅಳೀತೈತಿ. ನಾ ಸಾಲ್ಯಾಗ ಹುಡುಗರಿಗೆ ಹಿಂಗ ಕಲಿಸೀನಿ. ಹತ್ತ ಹೆಚ್ಚು, ಹತ್ತ ಕಡಿಮಿ ಆದೀತು. ನಲವತ್ತೊಂದಂತೂ ಆಗಂಗಿಲ್ಲ."

"ನಿಮಗ ಗೊತ್ತು, ನನಗ ಗೊತ್ತು ಮೇಡಂ. ನಾಳೆ ಅವರು ಏನಂತಾರ? ಹಿಟ್ಟಿನ ಡಬ್ಬಿ ಹಿಡಕೊಂಡ ಸರಕಾರದ ಮ್ಯಾಲ ಆರೋಪ ಮಾಡ್ಯಾರ ಅಂತಾರ. ನಗತಾರ. ಉಳಿದ ಮೂವತ್ತಾರ ಪುಟ ಅದ ಡಬ್ಬ್ಯಾಗ ಮುಳಗ್ತಾವ." ಅವನು ಗೌಸಬಿಯ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀವು ಹೇಳದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ ಚಾಚಿ."

ಗೌಸಬಿ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಳು. "ಗೊತ್ತಾಗ್ತಿತ್ರಿ. ಇಲ್ಲಿತನಕ ಎಲ್ಲಾ ಅಂಕಿಗೂ ಚುಕ್ಕಿ ಐತಿ. ಇಲ್ಲಿಂದ ಇಲ್ಲಿತನಕ ಇಲ್ಲ. ಮನ್ಯಾಗ ಕುಂತು ಬರದದ್ದು ಅಂತ ನಮ್ಮ ಮನಿಯವರ ನೋಡಿದ್ರ ಆಗಿಂದಾಗ ಹೇಳ್ತಿದ್ರು."

ಅವರಿಬ್ಬರೂ ಬಗ್ಗಿ ನೋಡಿದರು. ಅಷ್ಟು ದಿನ ಆ ಪುಟವನ್ನು ನೋಡಿದ್ದ ವಿದ್ಯಾವತಿಗೂ ಅದು ಕಂಡಿರಲಿಲ್ಲ. ಷರಾದಲ್ಲಿ ಬರೆದು ಇಡುತ್ತೇವೆ, ಡಬ್ಬಿಯ ಅಳತೆ ಎಂದೇ ಅಚ್ಚು ಹಾಕೋಣ ಎಂದು ವಿದ್ಯಾವತಿ ವಾದಿಸಿದಳು. ನೋಡೋಣ ಎಂದ ಅನಿಲಕುಮಾರ. ಉಳಿದ ವರ್ಷಗಳ ಅಂಕಿಗಳಿಗೆ ಹೊಸ ಹೇಳಿಕೆ ಬರೆಸಿ ಓದಿದ. ಗೌಸಬಿ ಬಿಸ್ಮಿಲ್ಲಾ ಎಂದು ಸಹಿ ಮಾಡಿದಳು. ವಿದ್ಯಾವತಿ ಬಸ್ಸಿನ ತನಕ ಬಂದು ಅವಳ ಕೈ ಹಿಡಿದು ನಿಂತಳು.

ಮರುದಿನ ಗೌಸಬಿ ಅದೇ ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಗಿರಣಿಗೆ ಹೋದಳು. ಹೇಳುವುದನ್ನು ಮುಂದೂಡಿದರೆ ಇನ್ನೊಂದು ಷರಾ ಖಾಲಿ ಬಿಟ್ಟಂತಾಗುತ್ತಿತ್ತು. ಸಿದ್ಧರಾಮ ಗಿರಣಿ ನಿಲ್ಲಿಸದೆ ಕೇಳಿಸಿಕೊಂಡ. ಗಿರಣಿಯ ಸದ್ದಿನಲ್ಲಿ ಅವಳು ಎಲ್ಲವನ್ನೂ ಗಟ್ಟಿದನಿಯಲ್ಲಿ ಹೇಳಬೇಕಾಯಿತು. ಜೋಳ ಬೀಸಿ ಮುಗಿದ ಮೇಲೆ ಅವನು ಖಾಲಿ ಡಬ್ಬಿಯೊಳಗೆ ಕೈ ಹಾಕಿ ಬುಡದಿಂದ ಮೇಲಕ್ಕೆ ಸವರಿದ.

"ಇದ ಡಬ್ಬಿ ಏನ್ರಿ?"

"ಇದ."

"ಡಬ್ಬಿ ಸುಳ್ಳ ಹೇಳ್ತೈತೇನ್ರಿ ಚಾಚಿ?"

"ಇಲ್ಲಪ್ಪ."

"ಮತ್ತ ನೀವರ ಯಾಕ ಹೇಳಾಕ ಹೋದ್ರಿ?"

ಅದಕ್ಕೆ ಅವಳಲ್ಲಿ ಉತ್ತರವಿತ್ತು, ಆದರೆ ತಾಯಿ ಸತ್ತ ಮಗನಿಗೆ ಕೊಡುವಂಥದ್ದಾಗಿರಲಿಲ್ಲ. ಸಿದ್ಧರಾಮ ಹಿಟ್ಟು ತುಂಬಿ, ಮುಚ್ಚಳ ಒತ್ತಿ, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಮರುವಾರ ಹೋದಾಗ ಬರ್ರಿ ಚಾಚಿ ಎನ್ನಲಿಲ್ಲ. ಅದರ ಮರುವಾರವೂ ಇಲ್ಲ. ಜೋಳ ಮೊದಲಿನಂತೆಯೇ ಸಣ್ಣಗೆ ಬೀಸಿ ಕೊಡುತ್ತಿದ್ದ. ಹೊನ್ನವ್ವ ಹೋದ ಮೇಲೆ ಆ ಮನೆಯಿಂದ ಅವಳನ್ನು ಕರೆಯುತ್ತಿದ್ದ ಒಂದೇ ದನಿ ಅದು. ಈಗ ಅದೂ ನಿಂತಿತು. ಅಫ್ರೀನ ಫೋನಿನಲ್ಲಿ, "ಅಮ್ಮಾ, ಏನ ದನಿ ಸಣ್ಣ ಆಗೈತಿ?" ಎಂದಳು. ಹಿಟ್ಟಿನ ಧೂಳು ಗಂಟಲಿಗೆ ಹೋಗಿದೆ ಎಂದಳು ಗೌಸಬಿ.

ಎಲೆಕ್ಷನ್ ಮುಗಿಯಿತು. ಇದ್ದ ಸರ್ಕಾರ ಹೋಯಿತು. ವರದಿ ನಾಲ್ಕು ಪತ್ರಿಕೆಗಳಲ್ಲಿ ಬಂತಂತೆ, ಅವಳು ನೋಡಲಿಲ್ಲ. ಜೂನಿನ ಮಿರಗದ ಮಳೆಗೆ ಮೊದಲು ಅಂಚೆಯಲ್ಲಿ ಅದರ ಒಂದು ಪ್ರತಿ ಬಂತು, ವಿದ್ಯಾವತಿಯ ಕೈಬರಹದ ಚೀಟಿಯೊಂದಿಗೆ. "ಬೀಬಿ, ನಾನು ಹೇಳುವಷ್ಟು ಹೇಳಿದೆ. ನನ್ನ ಮಾತು ನಡೆಯಲಿಲ್ಲ. ಕ್ಷಮಿಸಬೇಕು."

ಗೌಸಬಿ ಬಾಗಿಲ ಬೆಳಕಿನಲ್ಲಿ ಕುಳಿತು ಓದಿದಳು. ಒಣಗಿದ ಸಸಿಗಳಿದ್ದವು, ಬೀಗ ಹಾಕಿದ ನೆರಳಿನ ಮನೆಗಳಿದ್ದವು, ಸತ್ತ ಯಂತ್ರಗಳ ಪಟ್ಟಿಯಿತ್ತು. ಇಪ್ಪತ್ತೆರಡನೆಯ ಪುಟದಲ್ಲಿ ಅವಳ ಊರು. ವರ್ಷವರ್ಷದ ಅಂಕಿಗಳು ಚುಕ್ಕಿಯ ಸಮೇತ ಅಚ್ಚಾಗಿದ್ದವು, ಕೆಳಗೆ ಯಾಕೂಬಸಾಬನ ಹೆಸರೂ ಅವಳ ಹೆಸರೂ ಇದ್ದವು. ಗಂಡನ ಹೆಸರನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಆ ನಾಲ್ಕು ತಿಂಗಳ ಸಾಲಿಗೆ ಬಂದಳು. ಅಲ್ಲಿ, ಮಾಹಿತಿ ಲಭ್ಯವಿಲ್ಲ ಎಂದಿತ್ತು. ಹೋದ ಸರ್ಕಾರ ಆ ದಿನವನ್ನು ನಲವತ್ತೊಂದು ಎಂದಿತ್ತು. ಅದನ್ನು ತಪ್ಪು ಎನ್ನಲು ಹೊರಟವರು ಆ ದಿನವನ್ನೇ ಬಿಟ್ಟಿದ್ದರು.

ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ. ಬರೆಯಬೇಕಾದ ದಿನ ಬರೆಯದೆ ಬಿಟ್ಟವಳು ತಾನು. ಟ್ರಂಕಿನಿಂದ ಆ ವರ್ಷದ ಪುಸ್ತಕ ತೆಗೆದಳು. ಕೈಕಾಲು ಮುಖ ತೊಳೆದು, ವಜೂ ಮಾಡಿ ಬಂದು ಕುಳಿತಳು. ಮೊದಲ ಆರು ಸಾಲಿನ ಷರಾದಲ್ಲಿ, ದಿಲಾವರ ಹೇಳಿದ್ದು, ಅಳೆದದ್ದಲ್ಲ, ಎಂದು ಬರೆದಳು. ಏಳನೆಯ ಸಾಲಿನಿಂದ, ಮನೆಯ ಮಾಳಿಗೆ, ಹಿಟ್ಟಿನ ಡಬ್ಬಿ, ಅಡಿಪಟ್ಟಿ. ಮುಂದಿನ ಸಾಲಿಗೂ ಅದೇ. ಮೇಲಿನಂತೆ ಎಂದು ಗೀಟು ಎಳೆದು ಬಿಡಬಹುದಿತ್ತು, ಎಳೆಯಲಿಲ್ಲ. ನೂರಾ ಇಪ್ಪತ್ತೆರಡು ಸಾಲು. ಅಸರಿನ ನಮಾಜಿಗೆ ಎದ್ದು ಮತ್ತೆ ಕುಳಿತಳು. ಮುಗಿಯಲು ಮೂರು ದಿನ ಹಿಡಿಯಿತು. ಉತ್ತರಿ ಮಳೆಯ ಸಾಲಿನಲ್ಲಿ ಷರಾದ ಜಾಗ ಸಾಲಲಿಲ್ಲ. ಪುಟದ ಅಂಚಿಗೆ ಅಕ್ಷರ ಸಣ್ಣ ಮಾಡಿ ಬರೆದಳು. ಈ ಮಳೆಗೆ ಹಳ್ಳದ ದಂಡೆಯ ಹೊನ್ನವ್ವ ತೀರಿಕೊಂಡಳು. ಹಳ್ಳಕ್ಕೆ ನೀರು ಬರುತ್ತದೆಯೋ ಇಲ್ಲವೋ ಎಂದು ಕೇಳುತ್ತಿದ್ದಳು.

ಶಾಯಿ ಒಣಗಿದ ಮೇಲೆ ಪುಸ್ತಕ ಮುಚ್ಚಿ ಟ್ರಂಕಿಗಿಟ್ಟಳು. ಅದನ್ನು ಓದುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಬಂಗಲೆಗೆ ಹೋಗುವ ದಾರಿಯಲ್ಲಿ ಗಿರಣಿ ಇನ್ನೂ ತೆರೆದಿರಲಿಲ್ಲ. ಕಟ್ಟೆಯ ಮೇಲೆ ಸಿದ್ಧರಾಮ ಹಲ್ಲುಜ್ಜುತ್ತ ಕುಳಿತಿದ್ದ, ಅವಳನ್ನು ಕಂಡು ಮುಖ ಆಚೆ ತಿರುಗಿಸಿದ. ಗೌಸಬಿ ಗೇಟು ತೆಗೆದು ಅಂಗಳ ಗುಡಿಸಿದಳು. ಕಂಬದ ಮೇಲೆ ಗೊರವಂಕದ ಮರಿಗಳು ಬಾಯಿ ತೆರೆದು ಕೂಗುತ್ತಿದ್ದವು. ಎಂಟೂವರೆಗೆ ಲಾಳಿಕೆ ತೆಗೆದು ನೋಡಿದಳು. ಬಾಟಲಿ ಒಣಗಿತ್ತು. ಸೊನ್ನೆ ಬರೆದು, ಚುಕ್ಕಿ ಇಟ್ಟು, ಸೊನ್ನೆ ಬರೆದಳು.